ಮಾದೇವ ಮೊಗೇರರ ಕೊನೆಯ ಮೂರು ಕಾಗದ

ರುವೈಸ್
೧೪ ಜನವರಿ ೨೦೨೪

ಮಾನ್ಯ ಇಸ್ಮತುಲ್ಲಾ ಸಾಹೇಬರಿಗೆ ನಮಸ್ಕಾರ.

ನಾನು ಶಿರಾಲಿಯ ಮಾದೇವ ಮೊಗೇರರ ಮಗಳು ಪ್ರಾರ್ಥನಾ. ಅಪ್ಪ ತೀರಿಹೋದಾಗ ನನಗೆ ಹದಿನಾಲ್ಕು ವರ್ಷ. ಈಗ ನಾನೂ ಈ ದೇಶದಲ್ಲೇ ಇದ್ದೇನೆ, ರುವೈಸಿನ ರಿಫೈನರಿಯ ಪ್ರಯೋಗಾಲಯದಲ್ಲಿ ಕೆಮಿಸ್ಟ್. ನಿಮ್ಮನ್ನು ನಾನು ನೋಡಿಲ್ಲ. ಅಪ್ಪ ದುಬೈಯಿಂದ ಕಳಿಸುತ್ತಿದ್ದ ಕಾಗದಗಳ ಹಿಂಬದಿಯಲ್ಲಿ ‘ಕೇರ್ ಆಫ್ ಇಸ್ಮತುಲ್ಲಾ’ ಎಂದು ಬರೆದು ಒಂದು ಪೋಸ್ಟ್ ಬಾಕ್ಸ್ ನಂಬರು ಇರುತ್ತಿತ್ತು. ಅದು ಇನ್ನೂ ನಿಮ್ಮದೇ ಆಗಿದ್ದರೆ ಈ ಕಾಗದ ನಿಮಗೆ ಸಿಗುತ್ತದೆ.

ವಿಷಯಕ್ಕೆ ಬರುತ್ತೇನೆ. ಅಪ್ಪ ೨೦೧೦ರ ಸೆಪ್ಟೆಂಬರ್ ೨೦ರಂದು ದುಬೈಯ ಒಂದು ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು ಎಂದು ಕಂಪನಿಯವರು ಅಮ್ಮನಿಗೆ ಪತ್ರ ಕೊಟ್ಟಿದ್ದರು. ಇಲ್ಲಿಗೆ ಬಂದ ಮೇಲೆ ಆ ಆಸ್ಪತ್ರೆಯನ್ನು ಒಮ್ಮೆ ನೋಡಬೇಕೆನಿಸಿತು. ಯಾಕೆಂದು ಕೇಳಬೇಡಿ. ಒಂದು ಮಂಚವನ್ನೋ ಕಿಟಕಿಯನ್ನೋ ನೋಡಿ ಬರೋಣವೆಂದು ರಜೆ ಹಾಕಿ ಹೋದೆ. ಅವರು ಮೂರು ಸಲ ಹುಡುಕಿ, ಅಂಥ ರೋಗಿ ನಮ್ಮಲ್ಲಿ ದಾಖಲಾಗಿಯೇ ಇರಲಿಲ್ಲ ಎಂದರು.

ಆಗ ಅಪ್ಪನ ಸಾಮಾನಿನ ಜೊತೆ ಬಂದಿದ್ದ ಲಾಂಡ್ರಿ ಚೀಟಿಗಳ ಪುಸ್ತಕ ನೆನಪಾಯಿತು. ಅದರ ಹಿಂಬದಿಯಲ್ಲಿ ನಾನು ಗಣಿತದ ಹೋಂವರ್ಕ್ ಮಾಡುತ್ತಿದ್ದೆ. ಊರಿಂದ ತರಿಸಿ ನೋಡಿದೆ. ಅದರ ಮೇಲೆ ಮುದ್ರಿಸಿದ ಹೆಸರು ದುಬೈಯ ಲಾಂಡ್ರಿಯದ್ದಲ್ಲ. ಅಫ್ಘಾನಿಸ್ತಾನದಲ್ಲಿ ಯುರೋಪಿನ ಒಂದು ದೇಶದ ಸೈನ್ಯ ಇಟ್ಟುಕೊಂಡಿದ್ದ ಶಿಬಿರದ್ದು.

ಆ ದೇಶ ಈಗ ಒಂದು ವಿಚಾರಣಾ ಆಯೋಗ ನೇಮಿಸಿದೆ. ಪರದೇಶದ ಯುದ್ಧದಲ್ಲಿ ನಮ್ಮನ್ನು ಅಷ್ಟು ವರ್ಷ ಸಿಕ್ಕಿಸಿದವರು ಯಾರು, ಜನರಿಂದ ಏನೇನು ಮುಚ್ಚಿಟ್ಟರು ಎಂದು ಹಳೆಯ ಮಂತ್ರಿಗಳನ್ನು ಕೂರಿಸಿ ಕೇಳುತ್ತಿದೆ. ಶಿಬಿರದಲ್ಲಿ ಕೆಲಸ ಮಾಡಿದವರ ವಿಷಯ ತಿಳಿದವರು ಯಾವ ಭಾಷೆಯಲ್ಲಾದರೂ ಬರೆದು, ಸಹಿ ಮಾಡಿ ಕಳಿಸಬಹುದು. ಏಪ್ರಿಲ್ ೩೦ ಕೊನೆಯ ದಿನ.

ನನಗೆ ಒಂದೇ ಉತ್ತರ ಬೇಕು. ೨೦೧೦ರಲ್ಲಿ ನನ್ನಪ್ಪ ದುಬೈಯಲ್ಲಿದ್ದರೇ? ಹೌದು ಅಥವಾ ಇಲ್ಲ ಎಂದು ಬರೆದರೆ ಸಾಕು.

ಇತಿ,
ಪ್ರಾರ್ಥನಾ ಮೊಗೇರ


ದುಬೈ
೨ ಫೆಬ್ರವರಿ ೨೦೨೪

ಪ್ರೀತಿಯ ಮಗಳು ಪ್ರಾರ್ಥನಾಳಿಗೆ ಇಸ್ಮತುಲ್ಲಾನ ಸಲಾಂ ಮತ್ತು ಆಶೀರ್ವಾದ.

ನಿನ್ನ ಕಾಗದ ಸಿಕ್ಕಿತು. ಮಾದೇವನ ಮಗಳು ಕೆಮಿಸ್ಟು! ಮಾಶಾಅಲ್ಲಾ! ಖುಷಿಗೆ ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಸುಲೇಮಾನಿ ಚಹಾ ತರಿಸಿಕೊಟ್ಟೆ. ಏನು ವಿಶೇಷ ಅಂತ ಅವರು ಕೇಳಿದರೆ, ನಮ್ಮ ಕಡೆಯ ಹುಡುಗಿಯೊಬ್ಬಳು ವಿಜ್ಞಾನ ಓದಿ ದೊಡ್ಡ ಕೆಲಸದಲ್ಲಿದ್ದಾಳೆ ಅಂದೆ. ಅವರಿಗೇನು ಅರ್ಥವಾಯಿತೋ, ಕುಡಿದು ಹೋದರು.

ನನ್ನದು ಅದೇ ಟೈಪಿಂಗ್ ಸೆಂಟರ್, ಅಲ್ ನಹ್ದಾದಲ್ಲಿ ಒಂದು ಕಟ್ಟಡದ ನೆಲಮಹಡಿ. ವೀಸಾ ಅರ್ಜಿ, ಬಾಡಿಗೆ ಕರಾರು, ಯಾರಿಗೆ ಏನು ಬೇಕೋ ಅದನ್ನು ಅರಬ್ಬಿಯಲ್ಲಿ ಟೈಪ್ ಮಾಡಿಕೊಡುವುದು. ಈಗ ಎಲ್ಲ ಮೊಬೈಲಿನಲ್ಲೇ ಆಗಿಬಿಡುತ್ತದೆ. ಬರುವವರು ಕಡಿಮೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ಮಾದೇವ ದುಬೈಯಲ್ಲೇ ಇದ್ದ. ಹೋದದ್ದೂ ಹೃದಯದಿಂದಲೇ. ಹದಿನಾಲ್ಕು ವರ್ಷದಲ್ಲಿ ಆಸ್ಪತ್ರೆಯವರ ಕಂಪ್ಯೂಟರು ಎಷ್ಟು ಸಲ ಬದಲಾಯಿತೋ ಯಾರಿಗೆ ಗೊತ್ತು! ಚೀಟಿ ಪುಸ್ತಕ ಯಾರದೋ ಸಾಮಾನಿನದು ಬೆರೆತು ಬಂದಿರಬೇಕು. ಇಲ್ಲಿನ ಕೆಲಸಗಾರರ ಕ್ಯಾಂಪಿನ ರೂಮುಗಳಲ್ಲಿ ಒಬ್ಬನ ಚಪ್ಪಲಿ ಇನ್ನೊಬ್ಬನ ಕಾಲಿನಲ್ಲಿರುತ್ತಿತ್ತು.

ಪರಿಹಾರ ಸಿಗುತ್ತದೆ ಅಂತ ಯಾರಾದರೂ ನಿನಗೆ ಆಸೆ ಹುಟ್ಟಿಸಿದರೇ? ನಂಬಬೇಡ ಮಗಳೇ. ದೊಡ್ಡ ದೇಶಗಳ ಜಗಳ ನಮಗೆ ಯಾಕೆ? ಹೋದ ಜೀವ ಬರುವುದಿಲ್ಲ. ಅಮ್ಮನಿಗೆ ಇದೆಲ್ಲ ಹೇಳಿ ನೋಯಿಸಬೇಡ.

ಬರೆಯುವುದಾದರೆ ಬರೆಯುತ್ತಿರು, ಫೋನು ಮಾತ್ರ ಬೇಡ. ಗೋಡೆಗೂ ಕಿವಿಯಿರುತ್ತದೆ. ಮನೆಯಾಕೆ ಸಫಿಯ್ಯ ಭಟ್ಕಳದಿಂದ ದಿನಾ ವಾಯ್ಸ್ ಮೆಸೇಜು ಕಳಿಸುತ್ತಾಳೆ, ಕೇಳುತ್ತೇನೆ. ಆದರೆ ಕನ್ನಡದಲ್ಲಿ ನನಗೊಂದು ಕಾಗದ ಬಂದು ಎಷ್ಟೋ ವರ್ಷವಾಗಿತ್ತು. ರುವೈಸ್ ಕಡೆ ಹೋಗುವ ಡ್ರೈವರ್ ಒಬ್ಬನ ಕೈಯಲ್ಲಿ ಹಲ್ವಾ ಕಳಿಸಿದ್ದೇನೆ.

ನಿನ್ನ ಹಿತೈಷಿ,
ಇಸ್ಮತುಲ್ಲಾ


ರುವೈಸ್
೯ ಫೆಬ್ರವರಿ ೨೦೨೪

ಇಸ್ಮತುಲ್ಲಾ ಸಾಹೇಬರೇ,

ನಿಮ್ಮ ಕಾಗದವನ್ನು ಕಚೇರಿಯ ಪಡಸಾಲೆಯಲ್ಲೇ ಒಡೆದೆ. ಅದು ನನ್ನಪ್ಪನ ಅಕ್ಷರ!

ಆ ಗುಂಡಗುಂಡನೆಯ ಅಕ್ಷರ, ಸಾಲಿನ ಕೊನೆಯಲ್ಲಿ ಮೇಲಕ್ಕೆ ಎಳೆಯುವ ದೀರ್ಘ. ಅಪ್ಪನ ನಲವತ್ತೆರಡು ಕಾಗದ ನನ್ನ ಬಳಿ ಇವೆ, ಪಕ್ಕದಲ್ಲಿಟ್ಟು ನೋಡಿದೆ. ಕೆಲಸದಲ್ಲಿ ನಾನು ದಿನವಿಡೀ ಮಾಡುವುದು ಅದನ್ನೇ, ಎರಡು ಮಾದರಿ ಒಂದೇಯೋ ಅಲ್ಲವೋ ಎಂದು ನೋಡುವುದು. ಸಂಜೆ ಅಮ್ಮನಿಗೆ ಫೋನ್ ಮಾಡಿ, ‘ಅಪ್ಪನಿಗೆ ಬರೆಯಲು ಬರುತ್ತಿತ್ತಾ?’ ಎಂದು ಕೇಳಿದೆ. ‘ಅವ್ರು ಎಲ್ಲಿ ಸಾಲೆಗೆ ಹೋಗಿದ್ರೇ? ಯಾರೋ ಬರ್ದು ಕೊಡ್ತಿದ್ರು’ ಎಂದು ನಕ್ಕರು. ಹದಿನಾಲ್ಕು ವರ್ಷ ನಾನು ಆ ಅಕ್ಷರವನ್ನು ಮುಟ್ಟಿ ಮಲಗುತ್ತಿದ್ದೆ. ನೀವು ಒಂದು ಮಾತು ಹೇಳಲಿಲ್ಲ.

ಪರಿಹಾರ ಎಂದಿರಿ. ನನಗೆ ಯಾರ ಪರಿಹಾರವೂ ಬೇಡ. ೨೦೧೧ರಲ್ಲಿ ಆ ದೇಶದ ರಕ್ಷಣಾ ಮಂತ್ರಿಯಾಗಿದ್ದವರು ಸಂಸತ್ತಿನಲ್ಲಿ ಎದ್ದು ನಿಂತು ಹೇಳಿದ ಮಾತು ಆಯೋಗದ ದಾಖಲೆಯಲ್ಲಿದೆ. ಕನ್ನಡಕ್ಕೆ ತಂದು ಬರೆಯುತ್ತೇನೆ: ‘ನಮ್ಮ ಶಿಬಿರದಲ್ಲಿ ಕೆಲಸಕ್ಕಿದ್ದ ಹೊರಗಿನವರಲ್ಲಿ ಒಬ್ಬರೂ ಸತ್ತಿಲ್ಲ.’ ಆ ಮಾತಿನ ಮೇಲೆ ಯುದ್ಧವನ್ನು ಇನ್ನೂ ಮುಂದುವರಿಸಲು ಮತ ಹಾಕಿದರು. ಸತ್ತ ಸೈನಿಕರ ಹೆಸರನ್ನು ವರ್ಷಕ್ಕೊಮ್ಮೆ ಗಟ್ಟಿಯಾಗಿ ಓದುತ್ತಾರೆ. ಅವರ ಬಟ್ಟೆ ಒಗೆದವನ ಹೆಸರು ಎಲ್ಲಿಯೂ ಇಲ್ಲ. ಆ ಒಂದು ವಾಕ್ಯ ಸುಳ್ಳು ಎಂದು ಆ ಮನುಷ್ಯನ ಮುಖದ ಮುಂದೆ ಯಾರಾದರೂ ಹೇಳಬೇಕು. ನನಗೆ ಬೇಕಾದದ್ದು ಅಷ್ಟೇ.

ಸಾಕ್ಷಿಯಿಲ್ಲದೆ ಆಯೋಗ ನನ್ನನ್ನು ಕೇಳುವುದಿಲ್ಲ. ನಿಮಗೆ ಗೊತ್ತಿರುವುದನ್ನು ಬರೆದು ಸಹಿ ಮಾಡಿ.

ಹಲ್ವಾವನ್ನು ಲ್ಯಾಬಿನವರಿಗೆ ಹಂಚಿದೆ. ನಾನು ತಿನ್ನಲಿಲ್ಲ.

ಪ್ರಾರ್ಥನಾ


ರುವೈಸ್
೧೮ ಮಾರ್ಚ್ ೨೦೨೪

ಸಾಹೇಬರೇ,

ಐದು ವಾರವಾಯಿತು, ಉತ್ತರವಿಲ್ಲ. ಕೋಪದಲ್ಲಿ ಹೆಚ್ಚು ಬರೆದೆನೇನೋ. ಆದರೂ ಬರೆದದ್ದು ಸುಳ್ಳಲ್ಲ.

ಮೊನ್ನೆ ಶನಿವಾರ ದುಬೈಗೆ ಬಂದಿದ್ದೆ. ನಿಮ್ಮ ಪೋಸ್ಟ್ ಬಾಕ್ಸ್ ಇರುವ ಅಂಚೆ ಕಚೇರಿಯ ಮುಂದೆ ನಿಂತಿದ್ದೆ. ಯಾರೋ ಒಬ್ಬರು ಮುದುಕರು ಬಂದು ಆ ನಂಬರಿನ ಬಾಗಿಲು ತೆರೆದರೆ ನೀವೆಂದು ಗೊತ್ತಾಗುತ್ತದೆ ಎಂಬ ಲೆಕ್ಕ. ಎರಡು ತಾಸು ಕಾದೆ, ಯಾರೂ ಬರಲಿಲ್ಲ. ನಿಮ್ಮ ಅಂಗಡಿ ಹುಡುಕುವುದು ಕಷ್ಟವಲ್ಲ, ಫೋನ್ ನಂಬರೂ ಸಿಕ್ಕಿದೆ. ಮಾಡುವುದಿಲ್ಲ. ನಿಮ್ಮ ದನಿ ಕೇಳಿದರೆ ಆ ಅಕ್ಷರ ಇನ್ನು ಅಪ್ಪನದಾಗಿ ಉಳಿಯುವುದಿಲ್ಲ ಎಂದು ಹೆದರಿಕೆ.

ಇಲ್ಲಿ ಕನ್ನಡದವರು ಇಲ್ಲವೆಂದಲ್ಲ. ಮೈಸೂರಿನ ಕಡೆಯ ಸುಮಿತ್ರಾ ಎಂಬವರು ಹಬ್ಬಕ್ಕೆ ಕರೆಯುತ್ತಾರೆ. ಅವರ ಮಕ್ಕಳನ್ನು ನಾನು ಕನ್ನಡದಲ್ಲಿ ಮಾತಾಡಿಸುತ್ತೇನೆ, ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ಊಟ ಮಾಡಿ ಮನೆಗೆ ಬಂದರೆ ಒಂದು ಕಡೆ ಸಮುದ್ರ, ಒಂದು ಕಡೆ ರಿಫೈನರಿ. ನಿಮ್ಮ ಕಾಗದಕ್ಕೆ ಕಾಯುತ್ತಿದ್ದೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಕಾಯುತ್ತಿದ್ದೇನೆ.

ಪ್ರಾರ್ಥನಾ


ದುಬೈ
೧೪ ಏಪ್ರಿಲ್ ೨೦೨೪

ಮಗಳೇ,

ಈದ್ ಕಳೆಯಲಿ ಅಂತ ಕಾದೆ. ಉಪವಾಸದ ಬಾಯಲ್ಲಿ ಈ ಮಾತು ಹೇಗೆ ಬರೆಯಲಿ ಅನಿಸಿತು. ಯಾಕೆ ಅಂತ ಮುಂದೆ ನಿನಗೇ ತಿಳಿಯುತ್ತದೆ.

ಆ ಶನಿವಾರ ನಾನು ಬಂದಿದ್ದೆ. ರಸ್ತೆಯ ಆಚೆ ಬಸ್ ನಿಲ್ದಾಣದ ಏಸಿ ಗೂಡಿನಲ್ಲಿ ಕೂತು ನಿನ್ನನ್ನು ನೋಡಿದೆ. ಹಣೆ ಮಾದೇವನದೇ. ನಾಲ್ಕು ಬಸ್ಸು ಹೋಯಿತು, ನಾನು ಏಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಕಥೆ ನನ್ನದು.

ಮಾದೇವ ಎರಡು ವರ್ಷ ಆ ಶಿಬಿರದಲ್ಲಿದ್ದ. ಕಾಬೂಲು, ಕಂದಹಾರ ಅಂದರೆ ಯಾವ ಹೆಂಡತಿ ಕಳಿಸಿಕೊಡುತ್ತಾಳೆ? ಅದಕ್ಕೇ ಅಲ್ಲಿಗೆ ಹೋದ ನಮ್ಮ ಜನ ಎಲ್ಲರೂ ಮನೆಗೆ ದುಬೈ ಅಂತಲೇ ಹೇಳುತ್ತಿದ್ದರು. ಪ್ರತಿ ಶುಕ್ರವಾರ ಅವನು ಅಲ್ಲಿಂದ ನನಗೆ ಫೋನ್ ಮಾಡುತ್ತಿದ್ದ. ಹೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು, ಆಮೇಲೆ ಒಳ್ಳೆಯ ಹಾಳೆಯ ಮೇಲೆ ಬರೆದು, ದುಬೈ ಸ್ಟ್ಯಾಂಪು ಹಚ್ಚಿ ಹಾಕುತ್ತಿದ್ದೆ. ಇನ್ನೂ ಏಳೆಂಟು ಜನರಿಗೆ ಹೀಗೆ ಮಾಡಿಕೊಟ್ಟಿದ್ದೇನೆ. ಪುಣ್ಯದ ಕೆಲಸ ಅಂತಲೇ ತಿಳಿದಿದ್ದೆ.

ಅವನು ಹೋದದ್ದು ಸೆಪ್ಟೆಂಬರಿನಲ್ಲಿ ಅಲ್ಲ. ಆಗಸ್ಟ್ ೯. ರಮ್ಜಾನ್ ಹಿಡಿಯಲು ಎರಡು ದಿನವಿತ್ತು. ಅವನ ಜೊತೆಗಿದ್ದ ಮೊಯ್ದೀನ್ ಅಳುತ್ತ ಫೋನ್ ಮಾಡಿದ. ಸೈರನ್ ಆಗಿದೆ, ಲಾಂಡ್ರಿಯವರು ಕಾಂಕ್ರೀಟಿನ ಆಸರೆಗೆ ಓಡಿದ್ದಾರೆ. ಬಾಗಿಲಲ್ಲಿ ಕಾವಲಿನವನು ಕಾರ್ಡು ನೋಡಿದ. ಸೈನಿಕರದು ನೀಲಿ, ಇವರದು ಹಳದಿ. ಹಳದಿಗೆ ಒಳಗೆ ಜಾಗವಿಲ್ಲ, ಹಾಗಂತ ಮೇಲಿನ ಆಜ್ಞೆ ಇದೆ ಅಂದ. ತಿರುಗಿ ಬರುವಾಗ ರಾಕೆಟ್ ಬಿತ್ತು. ಮೊಯ್ದೀನ್ ಬದುಕಿದ. ಈಗ ಎಲ್ಲಿದ್ದಾನೋ ಗೊತ್ತಿಲ್ಲ.

ಮರುದಿನ ಕಂಪನಿಯವನು ನನ್ನ ಅಂಗಡಿಗೆ ಬಂದ. ಕಾಗದಪತ್ರ ಆಗುವವರೆಗೆ ಬಾಯಿ ಬಿಡಬೇಡ, ಬಿಟ್ಟರೆ ಅಲ್ಲಿರುವ ನಿಮ್ಮ ಅರವತ್ತು ಜನರನ್ನೂ ಮನೆಗೆ ಅಟ್ಟುತ್ತೇವೆ ಅಂದ. ನಾನು ಹೆದರಿದೆ. ಶವವನ್ನು ನಲವತ್ತೆರಡು ದಿನ ಅಲ್ಲೇ ಇಟ್ಟುಕೊಂಡರು. ಆ ದಿನಗಳಲ್ಲಿ ಕಾಗದ ಬಾರದಿದ್ದರೆ ನಿಮ್ಮ ಮನೆಯಲ್ಲಿ ಗಾಬರಿಯಾಗುತ್ತಾರೆ ಅಂತ, ಮಾದೇವನ ಹೆಸರಿನಲ್ಲಿ ಮೂರು ಕಾಗದ ನಾನೇ ಬರೆದೆ. ರಮ್ಜಾನಿನ ಉಪವಾಸ, ರೋಜಾ ಹಿಡಿದುಕೊಂಡೇ ಬರೆದೆ, ಮಗಳೇ. ದೇಹ ದುಬೈಗೆ ಬಂದಾಗ ಗುರುತು ಹಿಡಿದವನೂ ನಾನು. ಅದು ಹೃದಯಾಘಾತವಾಗಿರಲಿಲ್ಲ. ಅದಕ್ಕಿಂತ ಹೆಚ್ಚು ಬರೆಯಲಾರೆ. ಮತ್ತೆ ‘ದುಬೈಯಲ್ಲಿ, ಹೃದಯಾಘಾತದಿಂದ’ ಅಂತ ಕಂಪನಿಯ ಪತ್ರ ಟೈಪ್ ಮಾಡಿಕೊಟ್ಟದ್ದು ಇದೇ ಕೈ.

ಎಲ್ಲ ಹೇಳಿದೆ. ಸಹಿ ಮಾತ್ರ ಕೇಳಬೇಡ. ಸುಳ್ಳು ಕಾಗದ ಟೈಪ್ ಮಾಡಿದೆ ಅಂತ ನಾನೇ ಬರೆದುಕೊಟ್ಟರೆ ಈ ದೇಶದಲ್ಲಿ ನನ್ನ ಮೂವತ್ತನಾಲ್ಕು ವರ್ಷ ಖಲಾಸ್. ಆ ಹಳೆಯ ನೋಟ್‌ಬುಕ್ ಅಂಗಡಿಯಲ್ಲಿದೆ. ತಾರೀಕು, ಶಿಬಿರದ ಫೋನ್ ನಂಬರು, ಎಲ್ಲ ಅದರಲ್ಲಿದೆ. ಅದನ್ನು ಕಳಿಸುತ್ತೇನೆ. ನನ್ನ ಹೆಸರು ಹೇಳದೆ ಅದನ್ನೇ ಕೊಡು.

ಇಸ್ಮತುಲ್ಲಾ


ದುಬೈ
೨೧ ಏಪ್ರಿಲ್ ೨೦೨೪

ಮಗಳೇ,

ಹದಿನಾರರ ಮಳೆ ನೀನೂ ನೋಡಿರಬೇಕು. ಅಲ್ ನಹ್ದಾದ ರಸ್ತೆಯಲ್ಲಿ ಇವತ್ತಿಗೂ ನೀರು ಇಳಿದಿಲ್ಲ. ಅಂಗಡಿಯೊಳಗೆ ಸೊಂಟದವರೆಗೆ ಬಂದಿತ್ತು. ಕಪಾಟಿನ ಕೆಳಗಿನ ಖಾನೆಯಲ್ಲಿದ್ದ ನೋಟ್‌ಬುಕ್ಕು ಹಿಟ್ಟಿನ ಮುದ್ದೆಯಾಗಿದೆ. ಹಾಳೆ ಬಿಡಿಸಿದರೆ ಶಾಯಿ ಕೈಗೆ ಬರುತ್ತದೆ, ಅಕ್ಷರ ಬರುವುದಿಲ್ಲ.

ಸುಳ್ಳು ಹೇಳಲಾರೆ. ಮೊದಲು ಒಂದು ಗಳಿಗೆ ಹಗುರ ಅನಿಸಿತು. ಆಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಇಸ್ಮತುಲ್ಲಾ


ರುವೈಸ್
೨೯ ಏಪ್ರಿಲ್ ೨೦೨೪

ಇಸ್ಮತ್ ಚಾಚಾ,

ಏನೆಂದು ಕರೆಯಬೇಕೆಂದು ತಿಳಿಯದೆ ಹೀಗೆ ಕರೆದಿದ್ದೇನೆ. ಬೇಡವೆನಿಸಿದರೆ ಹೇಳಿ.

ಆ ಮೂರು ಕಾಗದ ತೆಗೆದು ಓದಿದೆ. ಆಗಸ್ಟ್ ೨೮ರದ್ದರಲ್ಲಿ ಒಂದು ಸಾಲಿತ್ತು: ‘ಪುಟ್ಟಿ, ನೀನು ವಿಜ್ಞಾನ ಓದು, ನಮ್ಮ ಕೇರಿಯಲ್ಲಿ ಯಾರೂ ಓದಿಲ್ಲ.’ ಅದನ್ನು ಕತ್ತರಿಸಿ ಪುಸ್ತಕದ ಒಳರಟ್ಟಿಗೆ ಅಂಟಿಸಿಕೊಂಡು ಹತ್ತನೆಯ ತರಗತಿ ಬರೆದೆ, ಪಿಯುಸಿ ಬರೆದೆ, ಎಂ.ಎಸ್ಸಿ. ಮುಗಿಸಿದೆ. ಅಪ್ಪನ ಕೊನೆಯ ಆಸೆ ಎಂದು ಹೇಳಿದ್ದಕ್ಕೆ ಮದುವೆಯ ಮಾತನ್ನೂ ಮನೆಯವರು ಮುಂದಕ್ಕೆ ಹಾಕಿದರು. ಅಪ್ಪ ಆಗ ಸತ್ತು ಹತ್ತೊಂಬತ್ತು ದಿನವಾಗಿತ್ತು. ನಾನು ಕೆಮಿಸ್ಟ್ ಎಂದು ಓದಿ ನೀವು ಊರಿಗೆಲ್ಲ ಚಹಾ ಕುಡಿಸಿದ್ದು ಯಾಕೆಂದು ಈಗ ಅರ್ಥವಾಯಿತು.

ನಿಮಗೆ ಥ್ಯಾಂಕ್ಸ್ ಹೇಳಬೇಕೋ ಕೊರಳಪಟ್ಟಿ ಹಿಡಿಯಬೇಕೋ ಗೊತ್ತಾಗುತ್ತಿಲ್ಲ. ಎರಡು ದಿನ ಅತ್ತೆ. ಇಲ್ಲಿ ಒಬ್ಬಳೇ ಇರುವುದರ ಒಂದು ಅನುಕೂಲ, ಯಾರೂ ಯಾಕೆಂದು ಕೇಳುವುದಿಲ್ಲ.

ಆಯೋಗಕ್ಕೆ ಬರೆದು ಕೇಳಿಕೊಂಡೆ. ಮೇ ೩೧ರವರೆಗೆ ಸಮಯ ಕೊಟ್ಟಿದ್ದಾರೆ. ನೋಟ್‌ಬುಕ್ ಹೋಯಿತು, ಮೊಯ್ದೀನ್ ಸಿಗುವುದಿಲ್ಲ. ಇನ್ನುಳಿದದ್ದು ನೀವೊಬ್ಬರೇ. ಹಳದಿ ಕಾರ್ಡಿನವನಿಗೆ ಜಾಗವಿಲ್ಲ ಎಂದು ಆಜ್ಞೆ ಬರೆದವರು ಯಾವುದೋ ತಂಪು ಕೋಣೆಯಲ್ಲಿ ಕೂತು ಬರೆದರು. ಅವರು ಹೆದರಿರಲಿಲ್ಲ, ಅವರನ್ನು ಯಾರೂ ಕೇಳಲೂ ಇಲ್ಲ. ಹೆದರಿದ್ದು ನೀವು. ಆ ಹೆದರಿಕೆಗೆ ನಾನು ನಿಮ್ಮನ್ನು ದೂರುವುದಿಲ್ಲ. ಸಹಿಯ ವಿಷಯ ಮತ್ತೆ ಎತ್ತುವುದೂ ಇಲ್ಲ.

ಅಮ್ಮನಿಗೆ ಏನೂ ಹೇಳಿಲ್ಲ. ಅದನ್ನು ನಾನು ಹೇಳುವುದು ಸರಿಯಲ್ಲ. ಬರೆದವರು ನೀವು.

ಪ್ರಾರ್ಥನಾ


ದುಬೈ
೨೦ ಮೇ ೨೦೨೪

ಮಗಳೇ,

ಇದರ ಜೊತೆ ಏಳು ಹಾಳೆ ಇದೆ. ಕನ್ನಡದಲ್ಲಿ, ನನ್ನ ಕೈಯಲ್ಲೇ ಬರೆದಿದ್ದೇನೆ. ಪ್ರತಿ ಹಾಳೆಯ ಕೆಳಗೆ ಸಹಿ ಇದೆ. ಅಂಗಡಿಗೆ ಬಂದ ಕಂಪನಿಯವನ ಹೆಸರು, ಅವನು ಹೇಳಿದ ಮಾತು, ನಾನು ಟೈಪ್ ಮಾಡಿದ್ದು, ದೇಹದ ಮೇಲೆ ನೋಡಿದ್ದು, ಒಂದನ್ನೂ ಬಿಟ್ಟಿಲ್ಲ. ಮೊಯ್ದೀನ್ ಹೇಳಿದ್ದನ್ನು ಅವನು ಹೇಳಿದ್ದು ಅಂತಲೇ ಬರೆದಿದ್ದೇನೆ, ನಾನು ಕಂಡದ್ದು ಅಂತ ಅಲ್ಲ.

ವೀಸಾ ಕ್ಯಾನ್ಸಲ್ ಮಾಡಿಸಿದೆ. ಯಾರೋ ಬಂದು ಕಳಿಸುವ ಮೊದಲು ನಾನೇ ಹೋಗುವುದು ಮರ್ಯಾದೆ. ಇಪ್ಪತ್ತನಾಲ್ಕಕ್ಕೆ ವಿಮಾನ. ಸಾವಿರಾರು ಜನರ ಕ್ಯಾನ್ಸಲ್ ಅರ್ಜಿ ಟೈಪ್ ಮಾಡಿದವನಿಗೆ ತನ್ನದನ್ನು ಟೈಪ್ ಮಾಡುವಾಗ ಎರಡು ಸಲ ತಪ್ಪಿತು. ಮೂವತ್ತನಾಲ್ಕು ವರ್ಷದ ಸಾಮಾನು ಒಂದು ಸೂಟ್‌ಕೇಸಿನಲ್ಲಿ ಹಿಡಿಯಿತು, ಇನ್ನೂ ಜಾಗವಿದೆ. ಬೀಳ್ಕೊಡುವುದಕ್ಕೆ ಯಾರನ್ನು ಕರೆಯಲಿ ಅಂತ ಯೋಚಿಸಿದೆ, ಹೆಸರು ಹೊಳೆಯಲಿಲ್ಲ.

ಚಾಚಾ ಅಂದೆಯಲ್ಲ, ಹಾಗೇ ಕರೆ.

ಇಸ್ಮತುಲ್ಲಾ


ರುವೈಸ್
೯ ಅಕ್ಟೋಬರ್ ೨೦೨೪

ಪ್ರೀತಿಯ ಚಾಚಾ,

ನಿನ್ನೆ ಮಧ್ಯಾಹ್ನ ಆಯೋಗದ ಕಲಾಪವನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ರಜೆ ಹಾಕಿ, ಅಪ್ಪನ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಆ ಹಳೆಯ ಮಂತ್ರಿ ಈಗ ಮುದುಕ. ಕಿವಿಗೆ ಯಂತ್ರ ಹಾಕಿಕೊಂಡಿದ್ದಾನೆ. ಅಧ್ಯಕ್ಷೆ ನಿಮ್ಮ ಏಳು ಹಾಳೆಗಳ ಅನುವಾದವನ್ನು ಓದಿದರು. ಓದಲು ಇಪ್ಪತ್ತು ನಿಮಿಷ ಹಿಡಿಯಿತು. ಅಪ್ಪನ ಹೆಸರು ಅವರ ಬಾಯಿಯಲ್ಲಿ ಸರಿಯಾಗಿ ಹೊರಳಲಿಲ್ಲ, ಆದರೂ ನಾಲ್ಕು ಸಲ ಹೇಳಿದರು. ಹಳದಿ ಕಾರ್ಡಿನ ಆಜ್ಞೆ ಅವರ ಕಡತದಲ್ಲೇ ಇತ್ತಂತೆ. ಅದರ ಕೆಳಗೆ ಇದೇ ಮನುಷ್ಯನ ಸಹಿ. ಅದನ್ನೂ ಎತ್ತಿ ತೋರಿಸಿದರು.

‘ಈಗ ಏನು ಹೇಳುತ್ತೀರಿ?’ ಎಂದು ಕೇಳಿದರು. ಅವನು ನೀರು ಕುಡಿದ. ‘ಸತ್ತ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಯಾರೂ ನನಗೆ ತಿಳಿಸಲಿಲ್ಲ’ ಎಂದ. ಅಷ್ಟೇ. ಸಂಸತ್ತಿನಲ್ಲಿ ಅವನು ಆಡಿದ ಮಾತು ಸುಳ್ಳೆಂದು ದಾಖಲೆಯಲ್ಲಿ ಬರೆಸಿದರು. ಅವನು ಕೋಟು ಸರಿಮಾಡಿಕೊಂಡು ಎದ್ದು ಹೋದ.

ಗೆದ್ದೆವು ಎಂದು ಯಾರಿಗಾದರೂ ಹೇಳಬೇಕೆನಿಸಿತು. ನಿಮಗೆ ಬರೆಯುತ್ತಿದ್ದೇನೆ. ನೀವು ಭಟ್ಕಳಕ್ಕೆ ಹೋಗಿ ಐದು ತಿಂಗಳಾಗುತ್ತಾ ಬಂತು. ಶಿರಾಲಿಗೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಚಾಚಾ?

ನಿಮ್ಮ,
ಪ್ರಾರ್ಥನಾ


ಭಟ್ಕಳ
೩ ನವೆಂಬರ್ ೨೦೨೪

ಪ್ರೀತಿಯ ಮಗಳೇ,

ನಿನ್ನೆ ಶಿರಾಲಿಗೆ ಹೋಗಿ ಬಂದೆ. ನಿನ್ನಮ್ಮ ನಾಗಮಣಿಯಮ್ಮ ಅಂಗಳದಲ್ಲಿ ಸಿಗಡಿ ಒಣಗಿಸುತ್ತಿದ್ದರು. ನಾನು ಯಾರು ಅಂತ ಹೇಳಿದೆ. ‘ಬನ್ನಿ ಸಾಬ್ರೇ, ಕೂತ್ಕಣಿ’ ಅಂತ ಕುರ್ಚಿ ಹಾಕಿದರು. ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಆಗಸ್ಟ್ ೯, ಹಳದಿ ಕಾರ್ಡು, ಅದಕ್ಕೆ ಸಹಿ ಹಾಕಿದ ಮಂತ್ರಿ, ಮೂರು ಕಾಗದ. ಬೈಯಲಿ, ಮೀನಿನ ಬುಟ್ಟಿ ಎತ್ತಿ ಎಸೆಯಲಿ ಅಂತ ಕಾದೆ.

ಅವರು ಸಿಗಡಿಯ ಮೇಲೆ ಬಲೆ ಮುಚ್ಚಿ, ಕೈ ತೊಳೆದು ಬಂದು ಹೇಳಿದರು: ‘ಎಲ್ಲಿ ಅಂತ ಗೊತ್ತಿರ್ಲಿಲ್ಲ ಸಾಬ್ರೇ. ಅವ್ರು ಇಲ್ಲ ಅಂತ ಆವತ್ತೇ ಗೊತ್ತಾಯ್ತು. ಅವ್ರು ನಂಗೆ ಬೈಯ್ದೆ ಒಂದ್ ಕಾಗ್ದ ಹಾಕದವ್ರಲ್ಲ. ಕೋಳಿ ಗೂಡು ಮುಚ್ಚೂದಿಲ್ಲ, ತಮ್ಮನ ಮನೆಗೆ ಓಡ್ತೆ, ಕತ್ತೆ, ಅಂತೆಲ್ಲ ಇರ್ತಿತ್ತು. ಮಗಳು ಓದಿ ಹೇಳೂಕೆ ನಾಚ್ಕಂಡು ನುಂಗ್ತಿತ್ತು, ಆದ್ರೂ ನಂಗೆ ತಿಳೀತಿತ್ತು. ಆ ಕಾಗ್ದ ಬಂತು, ಒಂದು ಬೈಗಳ ಇಲ್ಲ. ಮತ್ತೊಂದು ಬಂತು, ಅದ್ರಲ್ಲೂ ಇಲ್ಲ. ಮೂರ್ನೇದು ಬಂದಾಗ ಬಾಗ್ಲು ಹಾಕ್ಕಂಡು ಅತ್ತೆ. ಮಗಳು ಕಾಗ್ದ ಹಿಡ್ಕಂಡು ಕುಣೀತಿತ್ತು, ಹೆಂಗೆ ಹೇಳೂದು?’

ಹೌದು ಮಗಳೇ. ಅವನು ಹೇಳುತ್ತಿದ್ದ ಬೈಗುಳವನ್ನು ಒಂದಕ್ಷರ ಬಿಡದೆ ಬರೆದುಕೊಂಡವನು ನಾನು. ಆದರೆ ನನ್ನ ಸ್ವಂತ ಬುದ್ಧಿಯಿಂದ ಇನ್ನೊಬ್ಬನ ಹೆಂಡತಿಗೆ ಬೈಯುವುದಕ್ಕೆ ಕೈ ಬರಲಿಲ್ಲ. ಆ ಮೂರರಲ್ಲೂ ಕ್ಷೇಮಸಮಾಚಾರ ಬರೆದೆ.

ಆಮೇಲೆ ಅವರು ಕೇಳಿದರು, ‘ಆ ಮಂತ್ರಿ ಎಂತ ಹೇಳ್ದ?’

ಯಾರೂ ತಿಳಿಸಲಿಲ್ಲ, ಹಾಗಾಗಿ ಗೊತ್ತಿರಲಿಲ್ಲ ಅಂದನಂತೆ ಅಂದೆ.

ನಿನ್ನಮ್ಮ ಸಿಗಡಿಯ ಬಲೆಯ ಮೇಲೆ ಕೂತ ಕಾಗೆ ಓಡಿಸಿದರು. ಆಮೇಲೆ ಅಂದರು: ‘ನಂಗೂ ಯಾರೂ ತಿಳ್ಸಲಿಲ್ಲ ಸಾಬ್ರೇ. ಓದೂಕೂ ಬರೂದಿಲ್ಲ. ನಂಗೆ ಗೊತ್ತಾಗಲಿಲ್ವಾ?’

ಇಸ್ಮತುಲ್ಲಾ